ಗಡಿ ಮತ್ತು ಗಡಿಯಾರ: ಅಪಘಾತ ಚಿಕಿತ್ಸೆ ಹಾಗೂ ಆಸ್ಪತ್ರೆ ಸೋಂಕಿನ ಸಂಶೋಧನೆಗಳನ್ನು ಕಾಸರಗೋಡಿನಿಂದ ಓದುವುದು

(ಗಡಿನಾಡ ಕನ್ನಡಿಗರ ಆರೋಗ್ಯ ಕುರಿತ ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ. ಕೊನೆಯಲ್ಲಿ ಸಂವಾದದ ಆಯ್ದ ಭಾಗವಿದೆ.)

ಧ್ವನಿ ಸರಿಯಾಗಿ ಕೇಳ್ತಾ ಉಂಟಲ್ವಾ? ಆಯ್ತು.

ನಾನು ಮಂಜೇಶ್ವರ ತಾಲೂಕಿನವಳು. ಶಾಲೆ ಕಲಿತದ್ದು ಕನ್ನಡ ಮಾಧ್ಯಮದಲ್ಲಿ. ಆಮೇಲೆ ನರ್ಸಿಂಗ್ ಓದಿ, ಮಂಗಳೂರಿನ ಒಂದು ಆಸ್ಪತ್ರೆಯ ಮೂಳೆ ವಿಭಾಗದ ವಾರ್ಡಿನಲ್ಲಿ ನಾಲ್ಕು ವರ್ಷ ದುಡಿದು, ಈಗ ಸಾರ್ವಜನಿಕ ಆರೋಗ್ಯದಲ್ಲಿ ಸಂಶೋಧನೆ ಮಾಡ್ತಾ ಇದ್ದೇನೆ. ನಮ್ಮ ಗೋಷ್ಠಿಗಳಲ್ಲಿ ಶಾಲೆ, ಪತ್ರಿಕೆ, ಭಾಷಾ ಅಲ್ಪಸಂಖ್ಯಾತರ ಹಕ್ಕು ಇವುಗಳ ಬಗ್ಗೆ ಒಳ್ಳೆಯ ಚರ್ಚೆ ಆಗಿದೆ. ಇವತ್ತು ನಾನು ಓದಲಿಕ್ಕೆ ಆರಿಸಿಕೊಂಡ ಪಠ್ಯಗಳು ಬೇರೆ. ಅಪಘಾತದ ಗಾಯಾಳುಗಳ ಬಗ್ಗೆ, ಆಸ್ಪತ್ರೆಯಲ್ಲಿ ತಗಲುವ ಸೋಂಕಿನ ಬಗ್ಗೆ ದೊಡ್ಡ ಪತ್ರಿಕೆಗಳಲ್ಲಿ ಬಂದ ಕೆಲವು ವೈದ್ಯಕೀಯ ಪ್ರಬಂಧಗಳು. ಇವುಗಳನ್ನು ವಿಮರ್ಶೆ ಮಾಡುವುದು ಅಂದ್ರೆ ತಪ್ಪು ಹುಡುಕುವುದಲ್ಲ. ಇವುಗಳಲ್ಲಿ ಹೆಚ್ಚಿನವು ಒಳ್ಳೆಯ ಕೆಲಸಗಳೇ. ಇವುಗಳಿಂದಾಗಿ ಬದುಕಿದ ಜನ ಇದ್ದಾರೆ. ನನ್ನ ಪ್ರಶ್ನೆ ಒಂದೇ. ಪ್ರತಿ ಅಧ್ಯಯನಕ್ಕೂ ಒಂದು ಗಡಿಯಾರ ಇರ್ತದೆ. ಅದು ಯಾವಾಗ ಶುರುವಾಗ್ತದೆ, ಯಾವಾಗ ನಿಲ್ತದೆ? ಆ ಎರಡು ಬಿಂದುಗಳ ಹೊರಗೆ ಯಾರು ಉಳಿದುಹೋಗ್ತಾರೆ?

ನನ್ನ ವಾದವನ್ನು ಮೊದಲೇ ಹೇಳಿಬಿಡ್ತೇನೆ. ಹೆಚ್ಚಿನ ಅಧ್ಯಯನಗಳ ಗಡಿಯಾರ ಆಸ್ಪತ್ರೆಯ ಬಾಗಿಲಲ್ಲಿ ಶುರುವಾಗಿ, ಆಸ್ಪತ್ರೆಯ ಬಾಗಿಲಲ್ಲೇ ನಿಲ್ತದೆ. ಗಡಿನಾಡಿನ ರೋಗಿಗೆ ಆಗುವ ಹಾನಿಯ ದೊಡ್ಡ ಪಾಲು ಆ ಬಾಗಿಲಿನ ಆಚೆಗೆ ಆಗ್ತದೆ. ಬರುವ ದಾರಿಯಲ್ಲಿ, ಮತ್ತೆ ಮನೆಗೆ ಹೋದ ಮೇಲೆ. ಹಾಗಾಗಿ ನಾವು ಚಿಕಿತ್ಸೆಯ ಫಲಿತಾಂಶ ಅಂತ ಓದುವ ಅಂಕಿಯಲ್ಲಿ ನಮ್ಮವರು ಗುಣವಾದವರ ಸಾಲಿನಲ್ಲಿ ಇರಬಹುದು, ಅಥವಾ ಇಲ್ಲವೇ ಇಲ್ಲದಿರಬಹುದು.

1. ಮಾವನ ಕಾಲು

ಒಂದು ಉದಾಹರಣೆಯಿಂದ ಹೊರಡ್ತೇನೆ. ಒಂದೇ ಪ್ರಕರಣದಿಂದ ಏನೂ ಸಾಬೀತಾಗುವುದಿಲ್ಲ, ಅದು ನನಗೂ ಗೊತ್ತುಂಟು. ಆದರೆ ಯಾವ ಕಡೆ ನೋಡಬೇಕು ಅಂತ ಅದು ತೋರಿಸ್ತದೆ.

ನನ್ನ ಸೋದರಮಾವ ಅಡಿಕೆ ತೋಟದ ಕೆಲಸದವರು. 2023ರ ಮಳೆಗಾಲದಲ್ಲಿ, ಹೆದ್ದಾರಿ ಅಗಲ ಮಾಡುವ ಕೆಲಸ ನಡೀತಿದ್ದ ಸಮಯದಲ್ಲಿ, ಸಂಜೆ ಬೈಕಿನಿಂದ ಬಿದ್ದರು. ಮೊಣಕಾಲಿನ ಕೆಳಗೆ ಎಲುಬು ಮುರಿದು, ಚರ್ಮ ಹರಿದು, ಗಾಯದೊಳಗೆ ಮಣ್ಣು ಹೋಗಿತ್ತು. ವೈದ್ಯರ ಭಾಷೆಯಲ್ಲಿ ಓಪನ್ ಫ್ರ್ಯಾಕ್ಚರ್. ಹತ್ತಿರದ ಆಸ್ಪತ್ರೆಯಲ್ಲಿ ಬ್ಯಾಂಡೇಜು ಸುತ್ತಿ, ಒಂದು ಇಂಜೆಕ್ಷನ್ ಕೊಟ್ಟು, ಚೀಟಿ ಬರೆದು ಮುಂದೆ ಕಳಿಸಿದರು. ಆಂಬುಲೆನ್ಸಿಗೆ ಕಾದು, ತಲಪಾಡಿ ದಾಟಿ, ಮಂಗಳೂರಿನ ಆಸ್ಪತ್ರೆ ತಲುಪುವಾಗ ನಾಲ್ಕು ಗಂಟೆಯ ಮೇಲಾಗಿತ್ತು. ಆಪರೇಷನ್ ಆಯ್ತು, ರಾಡು ಹಾಕಿದರು. ಒಂಬತ್ತನೇ ದಿನ ಡಿಸ್ಚಾರ್ಜ್. ಗಾಯ ಒಣಗಿದೆ, ಸ್ಥಿತಿ ಉತ್ತಮ ಅಂತ ಇಂಗ್ಲಿಷಿನಲ್ಲಿ ಬರೆದ ಕಾಗದ ಕೈಗೆ ಬಂತು.

ಹತ್ತೊಂಬತ್ತನೇ ದಿನ ಹೊಲಿಗೆಯ ಹತ್ತಿರ ನೀರು ಜಿನುಗಲು ಶುರು. ಮಂಗಳೂರಿಗೆ ಮತ್ತೆ ಹೋಗಬೇಕಾದರೆ ಬಾಡಿಗೆ ಕಾರು, ಜೊತೆಗೆ ಒಬ್ಬರ ಒಂದು ದಿನದ ಕೂಲಿ. ಹಾಗಾಗಿ ಊರಿನ ಕ್ಲಿನಿಕ್ಕಿನಲ್ಲೇ ದಿನ ಬಿಟ್ಟು ದಿನ ಡ್ರೆಸ್ಸಿಂಗ್ ಮಾಡಿಸಿದರು. ಎಪ್ಪತ್ತು ದಿನ ಕಳೆದ ಮೇಲೆ ಜ್ವರ ಬಂದು, ಕಾಲು ಊದಿ, ಈ ಸಲ ತೆಂಕು ದಿಕ್ಕಿಗೆ, ಕೇರಳದ ಇನ್ನೊಂದು ಆಸ್ಪತ್ರೆಗೆ ಹೋದರು. ಎಲುಬಿನವರೆಗೆ ಸೋಂಕು ಇಳಿದಿತ್ತು. ರಾಡು ತೆಗೆದರು. ಮತ್ತೆ ಎರಡು ಆಪರೇಷನ್. ಈಗ ನಡೀತಾರೆ, ಆದರೆ ಕುಂಟುತ್ತಾ. ಮರ ಹತ್ತುವುದು ನಿಂತಿದೆ.

ಇದರಲ್ಲಿ ಯಾವ ಡಾಕ್ಟರನ್ನೂ ಬಯ್ಯುವ ಉದ್ದೇಶ ನನಗಿಲ್ಲ. ಮೂರು ಕಡೆಯೂ ಗೊತ್ತಿದ್ದಷ್ಟು, ಸಾಧ್ಯವಿದ್ದಷ್ಟು ಮಾಡಿದ್ದಾರೆ. ನಾನು ಕೇಳುವುದು ಲೆಕ್ಕದ ಪ್ರಶ್ನೆ. ಮಾವನ ಸೋಂಕು ಯಾವ ಆಸ್ಪತ್ರೆಯ ಪಟ್ಟಿಯಲ್ಲಿ ಸೇರ್ತದೆ? ಮೊದಲ ಆಸ್ಪತ್ರೆಯಲ್ಲಿ ಅವರು ಬರೇ ಒಂದು ರೆಫರಲ್. ಎರಡನೆಯದರಲ್ಲಿ ಗುಣಮುಖ. ಮೂರನೆಯದರಲ್ಲಿ ಹೊರಗಿನಿಂದ ಸೋಂಕು ಹೊತ್ತುಕೊಂಡು ಬಂದವರು. ಮೂರು ದಾಖಲೆಗಳೂ ಅವುಗಳ ಮಟ್ಟಿಗೆ ಸರಿ. ಮೂರನ್ನೂ ಕೂಡಿಸಿದರೆ ಒಬ್ಬ ಮನುಷ್ಯನ ಕಾಲು ಹೋದ ಕಥೆ ಎಲ್ಲಿಯೂ ಸಿಗುವುದಿಲ್ಲ.

2. ಎಣಿಕೆ ಎಲ್ಲಿಂದ ಶುರು?

ಈಗ ಪ್ರಬಂಧಗಳಿಗೆ ಬರೋಣ. ಭಾರತದ ಅಪಘಾತ ಚಿಕಿತ್ಸೆಯ ಬಗ್ಗೆ ಬರೆಯುವವರು ಮತ್ತೆ ಮತ್ತೆ ಉಲ್ಲೇಖಿಸುವ ಒಂದು ದಾಖಲೆ ಟಿಟ್ಕೊ ಎಂಬ ನೋಂದಣಿ. ಮುಂಬೈ, ದೆಹಲಿ, ಕೋಲ್ಕತ್ತಾಗಳ ನಾಲ್ಕು ಸರಕಾರಿ ಬೋಧನಾ ಆಸ್ಪತ್ರೆಗಳಲ್ಲಿ 2013ರಿಂದ ಸಂಗ್ರಹಿಸಿದ ಮಾಹಿತಿ ಅದು. 2016ರಲ್ಲಿ ಪ್ರಕಟವಾದ ಅದರ ಒಂದು ವಿಶ್ಲೇಷಣೆಯಲ್ಲಿ 11,202 ಗಾಯಾಳುಗಳಿದ್ದರು. 30 ದಿನದೊಳಗೆ ಆಸ್ಪತ್ರೆಯಲ್ಲೇ ತೀರಿಕೊಂಡವರು ಶೇ. 21.4. ಐದು ಜನರಲ್ಲಿ ಒಬ್ಬರಿಗಿಂತ ಹೆಚ್ಚು. ಅದಕ್ಕೆ ಮುಂಚೆ ನಮ್ಮಲ್ಲಿ ಹೀಗೆ ಶಿಸ್ತಿನಿಂದ ಹಲವು ಆಸ್ಪತ್ರೆಗಳ ಲೆಕ್ಕ ಒಟ್ಟು ಸಿಗುವುದೇ ಕಷ್ಟವಿತ್ತು. ಆ ದೃಷ್ಟಿಯಿಂದ ಇದು ದೊಡ್ಡ ಕೆಲಸ.

ಆದರೆ ಭಿನ್ನರಾಶಿಯನ್ನು ನೋಡಿ. ಶಾಲೆಯಲ್ಲಿ ಕಲಿತಿದ್ದೇವಲ್ವಾ, ಮೇಲಿನದ್ದು ಅಂಶ, ಕೆಳಗಿನದ್ದು ಛೇದ. ಪತ್ರಿಕೆ ಓದುವವರ ಕಣ್ಣು ಅಂಶದ ಮೇಲೆ, ಎಷ್ಟು ಜನ ಸತ್ತರು ಅಂತ. ವಿಮರ್ಶಕರ ಕಣ್ಣು ಛೇದದ ಮೇಲಿರಬೇಕು. ಇಲ್ಲಿ ಛೇದದಲ್ಲಿ ಇರುವವರು ಮಹಾನಗರದ ಆಸ್ಪತ್ರೆಗೆ ಜೀವಂತ ತಲುಪಿ ದಾಖಲಾದವರು ಮಾತ್ರ. ದಾರಿಯಲ್ಲಿ ಹೋದವರು ಅಂಶದಲ್ಲೂ ಇಲ್ಲ, ಛೇದದಲ್ಲೂ ಇಲ್ಲ.

ಇದಕ್ಕೆ ನಮ್ಮ ಊರಿನದ್ದೇ ಒಂದು ಸಾಕ್ಷಿ ಉಂಟು. 2020ರ ಮಾರ್ಚ್ ಕೊನೆಯಲ್ಲಿ ಕೊರೊನಾ ಕಾರಣಕ್ಕೆ ಕರ್ನಾಟಕವು ಕಾಸರಗೋಡಿನ ಕಡೆಯ ರಸ್ತೆಗಳನ್ನು ಮುಚ್ಚಿತು. ಕೆಲವು ಕಡೆ ಮಣ್ಣು ಸುರಿದೇ ಮುಚ್ಚಿದರು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಜನ ತಲಪಾಡಿಯಲ್ಲಿ ಸಿಕ್ಕಿಕೊಂಡರು. ಏಪ್ರಿಲ್ 1ರಂದು ಕೇರಳ ಹೈಕೋರ್ಟು, ತುರ್ತು ಚಿಕಿತ್ಸೆಗೆ ಹೋಗುವವರಿಗೆ ದಾರಿ ತೆರವಾಗುವಂತೆ ನೋಡಿಕೊಳ್ಳಬೇಕು ಅಂತ ಕೇಂದ್ರಕ್ಕೆ ಹೇಳಿತು. ಏಪ್ರಿಲ್ 7ರಂದು ಸುಪ್ರೀಂ ಕೋರ್ಟಿನ ಮುಂದೆ, ರೋಗಿಗಳನ್ನು ಬಿಡುವ ಒಂದು ಕ್ರಮಕ್ಕೆ ಒಪ್ಪಿಗೆಯಾಗಿದೆ ಅಂತ ತಿಳಿಸಲಾಯಿತು. ಆ ನಡುವಿನ ದಿನಗಳಲ್ಲಿ ಚಿಕಿತ್ಸೆ ಸಿಗದೆ ಹಲವರು ತೀರಿಕೊಂಡದ್ದು ಆಗಿನ ಪತ್ರಿಕೆಗಳಲ್ಲಿ ಉಂಟು. ಮಂಗಳೂರಿನ ಯಾವುದೇ ಆಸ್ಪತ್ರೆಯ ಮರಣ ಪ್ರಮಾಣದಲ್ಲಿ ಅವರು ಬರುವುದು ಸಾಧ್ಯವೇ ಇಲ್ಲ, ಯಾಕಂದ್ರೆ ಅವರು ಬಾಗಿಲಿಗೆ ತಲುಪಲೇ ಇಲ್ಲ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಯೋಚಿಸಿ. ದೂರದಿಂದ ಬರುವ ಗಂಭೀರ ರೋಗಿಗಳು ನಿಂತುಹೋದರೆ ಆಸ್ಪತ್ರೆಯ ಮರಣ ಪ್ರಮಾಣ ಇಳಿಯಲೂಬಹುದು. ಗಡಿ ಮುಚ್ಚಿದರೆ ಫಲಿತಾಂಶ ಸುಧಾರಿಸಿದ ಹಾಗೆ ಕಾಣುವ ಅಳತೆ ಅದು. ಅಂಥ ಅಳತೆಯನ್ನು ಎಷ್ಟು ನಂಬುವುದು?

ಬಾಗಿಲಿನ ಹೊರಗೂ ನೋಡಿದ ಅಧ್ಯಯನ ಇಲ್ಲವೇ ಅಂದ್ರೆ, ಉಂಟು. ಇನಾರ್ಮಸ್ ಎಂಬ ಅಂತರರಾಷ್ಟ್ರೀಯ ಅಧ್ಯಯನವು ಭಾರತವೂ ಸೇರಿ 18 ದೇಶಗಳಲ್ಲಿ ಎಲುಬು ಮುರಿದ 31,255 ಜನರನ್ನು ದಾಖಲಿಸಿ, 2020ರಲ್ಲಿ ಪ್ರಕಟವಾಯಿತು. ಅದರಲ್ಲಿ ಚರ್ಮ ಹರಿದ ಮುರಿತದವರು 5,256. ಅವರಲ್ಲಿ ಶೇ. 71.9ರಷ್ಟು ಜನ ಎರಡು ಗಂಟೆಯೊಳಗೆ ದಾಖಲಾಗಿರಲಿಲ್ಲ. ಒಂದು ದಿನಕ್ಕಿಂತ ಹೆಚ್ಚು ತಡವಾದವರಲ್ಲಿ ಯಾಕೆ ತಡ ಅಂತ ಕೇಳಿದರೆ, ಶೇ. 47.7ರಷ್ಟು ಜನರಿಗೆ ಸಿಕ್ಕ ಕಾರಣ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಕಳಿಸಿದ್ದು. ದಾರಿ, ವಾಹನ ಇವುಗಳಿಂದಾದ ತಡ ಶೇ. 5.4 ಮಾತ್ರ. ನನಗೆ ಇದು ತುಂಬ ಮುಖ್ಯ ಅನಿಸ್ತದೆ. ನಾವು ಯಾವಾಗಲೂ ರಸ್ತೆ ಸರಿ ಇಲ್ಲ, ಆಂಬುಲೆನ್ಸ್ ಇಲ್ಲ ಅಂತ ಹೇಳ್ತೇವೆ. ಈ ಲೆಕ್ಕ ಹೇಳುವುದು, ಗಾಯಾಳು ಹೆಚ್ಚು ಕಾಲ ಕಳೆದದ್ದು ಒಂದು ಆಸ್ಪತ್ರೆಗೂ ಇನ್ನೊಂದು ಆಸ್ಪತ್ರೆಗೂ ನಡುವೆ ಅಂತ.

ಇನಾರ್ಮಸ್ ಬಗ್ಗೆ ನನ್ನ ತಕರಾರು ಚಿಕ್ಕದು. ರೆಫರಲ್ ಎಂಬುದು ಅಲ್ಲಿ ಒಂದೇ ಖಾನೆ. ಕುಂಬಳೆಯಿಂದ ಕಾಸರಗೋಡಿಗೆ ಕಳಿಸಿದ್ದೂ, ಕುಂಬಳೆಯಿಂದ ರಾಜ್ಯ ದಾಟಿ ಮಂಗಳೂರಿಗೆ ಕಳಿಸಿದ್ದೂ ಅದರಲ್ಲಿ ಒಂದೇ. ಎರಡನೆಯದರಲ್ಲಿ ಆಂಬುಲೆನ್ಸಿನ ವ್ಯವಸ್ಥೆ ಬೇರೆ, ವಿಮೆಯ ಕಾರ್ಡು ಬೇರೆ, ಪೊಲೀಸ್ ಠಾಣೆ ಬೇರೆ, ಚೀಟಿ ಓದುವವರ ಭಾಷೆ ಬೇರೆ.

3. ಒಂದು ಗಂಟೆ, ಮೂರು ಗಂಟೆ

ಗೋಲ್ಡನ್ ಅವರ್ ಎಂಬ ಮಾತು ನಮಗೆಲ್ಲ ಗೊತ್ತು. ಅಮೆರಿಕದ ಮೇರಿಲ್ಯಾಂಡಿನ ಶಸ್ತ್ರವೈದ್ಯ ಆರ್. ಆಡಮ್ಸ್ ಕೌಲಿ ಅವರ ಹೆಸರಿನೊಂದಿಗೆ ಪ್ರಚಾರಕ್ಕೆ ಬಂದ ಕಲ್ಪನೆ ಇದು. 2001ರಲ್ಲಿ ಇಬ್ಬರು ಸಂಶೋಧಕರು ಇದರ ಮೂಲ ಹುಡುಕಿಕೊಂಡು ಹೋದಾಗ, ಸರಿಯಾಗಿ ಒಂದು ಗಂಟೆ ಎಂಬುದಕ್ಕೆ ಗಟ್ಟಿಯಾದ ಆಧಾರ ಸಿಗಲಿಲ್ಲ. ಆದರೂ 2019ರ ತಿದ್ದುಪಡಿಯಿಂದ ನಮ್ಮ ಮೋಟಾರು ವಾಹನ ಕಾಯ್ದೆಯಲ್ಲಿ ಗೋಲ್ಡನ್ ಅವರ್ ಅಂದ್ರೆ ಗಾಯವಾದ ನಂತರದ ಒಂದು ಗಂಟೆ ಎಂಬ ವ್ಯಾಖ್ಯೆ ಸೇರಿದೆ. ಬೇಗ ಚಿಕಿತ್ಸೆ ಬೇಕು ಎಂಬುದರಲ್ಲಿ ಜಗಳವಿಲ್ಲ. ಪ್ರಚಾರದ ಅಂಕಿ ಯಾವುದು, ಅಳೆದ ಅಂಕಿ ಯಾವುದು ಎಂಬುದನ್ನು ಬೇರೆ ಇಡಬೇಕು.

ಅಳೆದ ಅಂಕಿಗೆ ಒಳ್ಳೆಯ ಉದಾಹರಣೆ ಕ್ರ್ಯಾಶ್-2 ಪ್ರಯೋಗ. ರಕ್ತಸ್ರಾವ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್ ಎಂಬ ಔಷಧಿಯನ್ನು 40 ದೇಶಗಳ 274 ಆಸ್ಪತ್ರೆಗಳಲ್ಲಿ, 20,211 ಗಾಯಾಳುಗಳಲ್ಲಿ ಪರೀಕ್ಷಿಸಿದರು. 2010ರಲ್ಲಿ ಫಲಿತಾಂಶ ಬಂತು. ಔಷಧಿ ಪಡೆದವರಲ್ಲಿ ಶೇ. 14.5, ಪಡೆಯದವರಲ್ಲಿ ಶೇ. 16 ಜನ ತೀರಿಕೊಂಡಿದ್ದರು. ಮರುವರ್ಷ ಅದೇ ಮಾಹಿತಿಯನ್ನು ಸಮಯದ ಪ್ರಕಾರ ಬಿಡಿಸಿ ನೋಡಿದರು. ಗಾಯವಾದ ಒಂದು ಗಂಟೆಯೊಳಗೆ ಕೊಟ್ಟಾಗ ರಕ್ತಸ್ರಾವದಿಂದ ಸತ್ತವರು ಶೇ. 5.3, ಕೊಡದವರಲ್ಲಿ ಶೇ. 7.7. ಒಂದರಿಂದ ಮೂರು ಗಂಟೆಯೊಳಗೆ ಕೊಟ್ಟಾಗ ಶೇ. 4.8 ಮತ್ತು 6.1. ಮೂರು ಗಂಟೆ ದಾಟಿದ ಮೇಲೆ ಕೊಟ್ಟಾಗ ಲೆಕ್ಕ ತಿರುಗಿತು: ಔಷಧಿ ಪಡೆದವರಲ್ಲಿ ಶೇ. 4.4, ಪಡೆಯದವರಲ್ಲಿ ಶೇ. 3.1. ಅಂದ್ರೆ ತಡವಾಗಿ ಕೊಟ್ಟರೆ ಲಾಭವಿಲ್ಲ ಮಾತ್ರವಲ್ಲ, ಹಾನಿ ಆಗಬಹುದು.

ಈ ಪ್ರಯೋಗವನ್ನು ನಾನು ಮೆಚ್ಚುವುದು ಅದರ ಗಡಿಯಾರಕ್ಕಾಗಿ. ಅದು ಆಸ್ಪತ್ರೆಗೆ ಬಂದ ಗಳಿಗೆಯಿಂದ ಅಲ್ಲ, ಗಾಯವಾದ ಗಳಿಗೆಯಿಂದ ಎಣಿಸಿತು. ಹಾಗೆ ಎಣಿಸಿದ್ದರಿಂದಲೇ ಮೂರು ಗಂಟೆಯ ಸತ್ಯ ಹೊರಗೆ ಬಂತು. ಇದರ ಅರ್ಥ ನಮಗೆ ತುಂಬ ಸ್ಪಷ್ಟ. ದುಬಾರಿಯಲ್ಲದ ಈ ಔಷಧಿಯನ್ನು ಕೊಡಬೇಕಾದದ್ದು ಮೊದಲ ಆಸ್ಪತ್ರೆಯಲ್ಲಿ, ಮುಂದೆ ಕಳಿಸುವ ಮೊದಲು. ಗಡಿ ದಾಟಿ ದೊಡ್ಡ ಆಸ್ಪತ್ರೆ ತಲುಪುವಾಗ ಮೂರು ಗಂಟೆ ಕಳೆದಿರ್ತದೆ.

ಆದರೆ ನಾನು ವಾರ್ಡಿನಲ್ಲಿ ನೋಡಿದ್ದನ್ನು ಹೇಳ್ಬೇಕು. ರೆಫರಲ್ ಚೀಟಿಗಳಲ್ಲಿ ರೋಗಿಯನ್ನು ಕಳಿಸಿದ ಸಮಯ ಇರ್ತಿತ್ತು. ಬಿದ್ದ ಸಮಯ ಹೆಚ್ಚಾಗಿ ಇರ್ತಿರಲಿಲ್ಲ. ಯಾವ ಮದ್ದು ಎಷ್ಟು ಹೊತ್ತಿಗೆ ಕೊಟ್ಟರು ಎಂಬುದೂ ಕೆಲವು ಸಲ ಇಲ್ಲ. ಎಷ್ಟು ಗಂಟೆಗೆ ಬಿದ್ದದ್ದು ಅಂತ ಮನೆಯವರನ್ನು ಕೇಳಿದರೆ, "ದೀಪ ಹಚ್ಚುವ ಹೊತ್ತು", "ಕೊನೆಯ ಬಸ್ಸು ಹೋದ ಮೇಲೆ" ಅಂತ ಉತ್ತರ. ಅದು ಸರಿಯಾದ ಉತ್ತರವೇ. ಕೂತು ಕೇಳಿದರೆ ಗಂಟೆಗೆ ಹೊಂದಿಸಬಹುದು. ಅವಸರದಲ್ಲಿ ಖಾನೆ ಖಾಲಿ ಬಿಡ್ತಾರೆ. 20,211 ಜನರ ಮೇಲೆ ಪ್ರಯೋಗ ಮಾಡಿ ಕಂಡುಕೊಂಡ ಜ್ಞಾನ ಆ ಒಂದು ಖಾಲಿ ಖಾನೆಯಲ್ಲಿ ಕೆಲಸಕ್ಕೆ ಬಾರದೆ ಹೋಗ್ತದೆ.

4. ಎಣಿಕೆ ಎಲ್ಲಿ ನಿಲ್ತದೆ?

ಈಗ ಇನ್ನೊಂದು ತುದಿ, ಸೋಂಕು. ಭಾರತದಲ್ಲಿ ಆಸ್ಪತ್ರೆ ಸೋಂಕನ್ನು ಒಂದೇ ವ್ಯಾಖ್ಯೆಯಿಂದ ಎಣಿಸುವ ಜಾಲ ಕಟ್ಟಿದ್ದು ದೆಹಲಿಯ ಏಮ್ಸ್‌ನ ಟ್ರಾಮಾ ಕೇಂದ್ರದ ಮುಂದಾಳತ್ವದಲ್ಲಿ. ಅಪಘಾತದ ಗಾಯಾಳುಗಳಿಗಾಗಿಯೇ ಇರುವ ಆಸ್ಪತ್ರೆ ಸೋಂಕಿನ ಲೆಕ್ಕಕ್ಕೂ ಕೇಂದ್ರವಾದದ್ದು ಗಮನಿಸಬೇಕಾದ ವಿಷಯ. 2022ರಲ್ಲಿ ಪ್ರಕಟವಾದ ಅವರ ವರದಿಯಲ್ಲಿ 26 ಆಸ್ಪತ್ರೆಗಳ 89 ಐಸಿಯುಗಳಿಂದ 2,622 ರಕ್ತದ ಸೋಂಕುಗಳು, 737 ಮೂತ್ರದ ಸೋಂಕುಗಳು ದಾಖಲಾಗಿದ್ದವು. ಎಣಿಸುವುದೇ ಇಲ್ಲದಿದ್ದ ಕಡೆ ಎಣಿಸಲು ಕಲಿಸಿದ್ದು ಸಣ್ಣ ಸಾಧನೆಯಲ್ಲ. ಆದರೆ ಅದು ಐಸಿಯುವಿನ ಗಡಿಯಾರ. ವಾರ್ಡಿನ ಗಾಯ, ಮನೆಯ ಗಾಯ ಅದರ ವ್ಯಾಪ್ತಿಯಲ್ಲ.

ಆಪರೇಷನ್ ಗಾಯದ ಸೋಂಕಿಗೆ ವ್ಯಾಖ್ಯೆ ಬೇರೆ ಉಂಟು. ಅಮೆರಿಕದ ಸಿಡಿಸಿ ಮಾಡಿದ್ದು, ನಮ್ಮಲ್ಲೂ ಬಳಕೆಯಲ್ಲಿದೆ. ಮೇಲ್ಪದರದ ಸೋಂಕಿಗೆ 30 ದಿನ. ಎಲುಬು ಕೂಡಿಸುವ ಆಪರೇಷನ್ ಆದರೆ ಆಳದ ಸೋಂಕಿಗೆ 90 ದಿನ ಕಾಯಬೇಕು. ಆ ಅವಧಿಯಲ್ಲಿ ಸೋಂಕು ಬೇರೆ ಯಾವ ಆಸ್ಪತ್ರೆಯಲ್ಲಿ ಪತ್ತೆಯಾದರೂ ಅದು ಸೇರುವುದು ಆಪರೇಷನ್ ಮಾಡಿದ ಆಸ್ಪತ್ರೆಯ ಲೆಕ್ಕಕ್ಕೆ. ಈ ನಿಯಮದ ಪ್ರಕಾರ ಮಾವನ ಸೋಂಕು ಮಂಗಳೂರಿನ ಆಸ್ಪತ್ರೆಯ ಪಟ್ಟಿಯಲ್ಲಿ ಇರಬೇಕು. ಎಪ್ಪತ್ತು ಚಿಲ್ಲರೆ ದಿನ, ತೊಂಬತ್ತರ ಒಳಗೇ. ವ್ಯಾಖ್ಯೆಯಲ್ಲಿ ತಪ್ಪಿಲ್ಲ. ಆದರೆ ಮೂರನೇ ಆಸ್ಪತ್ರೆಯವರು ಎರಡನೆಯವರಿಗೆ ತಿಳಿಸಬೇಕಲ್ಲ? ಯಾರು ಯಾರಿಗೆ ಫೋನ್ ಮಾಡಬೇಕು? ಆ ಸಾಲು ವ್ಯಾಖ್ಯೆಯಲ್ಲಿ ಉಂಟು, ವ್ಯವಸ್ಥೆಯಲ್ಲಿ ಇಲ್ಲ.

ಹುಡುಕಿದರೆ ಸಿಗ್ತದೆ ಎಂಬುದಕ್ಕೆ ಸಾಕ್ಷಿ ಇದೆ. ಐಸಿಎಂಆರ್ ನೆರವಿನಲ್ಲಿ ದೆಹಲಿಯ ಏಮ್ಸ್ ಟ್ರಾಮಾ ಕೇಂದ್ರ, ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆ ಮತ್ತು ನಮ್ಮ ಹತ್ತಿರದ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ ಸೇರಿ ಸುಮಾರು 3,000 ಆಪರೇಷನ್ ರೋಗಿಗಳನ್ನು ಡಿಸ್ಚಾರ್ಜ್ ಆದ ಮೇಲೂ ವಿಚಾರಿಸಿದರು. 161 ಜನರಿಗೆ, ಅಂದ್ರೆ ಶೇ. 5.2ರಷ್ಟು ಜನರಿಗೆ, ಗಾಯದ ಸೋಂಕು ಆಗಿತ್ತು. ಅದರಲ್ಲಿ ಸುಮಾರು ಮೂರನೇ ಎರಡರಷ್ಟು ಪತ್ತೆಯಾದದ್ದು ರೋಗಿ ಮನೆಗೆ ಹೋದ ನಂತರದ ವಿಚಾರಣೆಯಿಂದ. ಬಾಗಿಲಲ್ಲಿ ಎಣಿಕೆ ನಿಲ್ಲಿಸಿದ್ದರೆ ಮೂರರಲ್ಲಿ ಎರಡು ಸೋಂಕು ಆಗಿಯೇ ಇಲ್ಲ ಅಂತ ಬರೀಬೇಕಾಗ್ತಿತ್ತು.

ಈಗ ಇದರ ಪಕ್ಕದಲ್ಲಿ ಒಂದು ಸರಕಾರಿ ಯೋಜನೆ ಇಟ್ಟು ನೋಡಿ. 2025ರ ಮೇ ತಿಂಗಳಲ್ಲಿ ಕೇಂದ್ರ ಸರಕಾರ ರಸ್ತೆ ಅಪಘಾತದ ಗಾಯಾಳುಗಳಿಗೆ ನಗದುರಹಿತ ಚಿಕಿತ್ಸೆಯ ಯೋಜನೆ ಹೊರಡಿಸಿತು. ಒಂದೂವರೆ ಲಕ್ಷ ರೂಪಾಯಿವರೆಗೆ, ಅಪಘಾತದ ದಿನದಿಂದ ಏಳು ದಿನ. ಯಾವ ರಾಜ್ಯದ ರಸ್ತೆಯಲ್ಲಿ ಬಿದ್ದರೂ ಅನ್ವಯ. ಗಡಿನಾಡಿನವರಿಗೆ ಇದು ನಿಜಕ್ಕೂ ಒಳ್ಳೆಯದು, ಜೀವ ಉಳಿಸುವ ಯೋಜನೆ. ಆದರೆ ಸೋಂಕಿನ ಗಡಿಯಾರ 90 ದಿನ, ಯೋಜನೆಯ ಗಡಿಯಾರ 7 ದಿನ. ನಡುವಿನ 83 ದಿನ ಯಾರ ಜೇಬಿನಿಂದ? ಒಂಬತ್ತನೇ ದಿನಕ್ಕೆ ಮಾವ ಡಿಸ್ಚಾರ್ಜ್ ಕೇಳಿ ಪಡೆದದ್ದು ಗಾಯ ಒಣಗಿತು ಅಂತ ಅಲ್ಲ, ದುಡ್ಡು ಮುಗಿಯಿತು ಅಂತ.

5. ಕಾಣೆಯಾದವರು

ಒಂದು ವರ್ಷದವರೆಗೆ ರೋಗಿಯನ್ನು ಹಿಂಬಾಲಿಸಿದ ಪ್ರಯೋಗವೂ ಉಂಟು. ಹೆಸರು ಫ್ಲೋ. ಚರ್ಮ ಹರಿದ ಮುರಿತವನ್ನು ಹೇಗೆ ತೊಳೆಯಬೇಕು ಎಂಬುದು ಅದರ ಪ್ರಶ್ನೆ. ಭಾರತವೂ ಸೇರಿ ಐದು ದೇಶಗಳ 41 ಕೇಂದ್ರಗಳು, 2,447 ರೋಗಿಗಳು. ಹೆಚ್ಚು ಒತ್ತಡದಿಂದ ನೀರು ಹಾಯಿಸುವ ಯಂತ್ರಕ್ಕೂ, ಸುಮ್ಮನೆ ಸಲೈನ್ ಎತ್ತರದಿಂದ ಸುರಿಯುವುದಕ್ಕೂ ಫಲಿತಾಂಶದಲ್ಲಿ ಹೇಳುವಂಥ ವ್ಯತ್ಯಾಸ ಇರಲಿಲ್ಲ. ಸಾಬೂನು ದ್ರಾವಣದಿಂದ ತೊಳೆದವರಲ್ಲಿ ಶೇ. 14.8 ಜನರಿಗೆ ವರ್ಷದೊಳಗೆ ಮತ್ತೆ ಆಪರೇಷನ್ ಬೇಕಾಯ್ತು, ಬರೇ ಸಲೈನ್‌ನಿಂದ ತೊಳೆದವರಲ್ಲಿ ಶೇ. 11.6. ಸಣ್ಣ ಆಸ್ಪತ್ರೆಗೆ ಇದಕ್ಕಿಂತ ಧೈರ್ಯ ಕೊಡುವ ಸಂಶೋಧನೆ ನಾನು ಓದಿಲ್ಲ. ಯಂತ್ರ ಬೇಡ, ಸೋಪು ಬೇಡ, ಕೈಯಲ್ಲಿರುವ ಸಲೈನ್ ಸಾಕು.

ಆದರೆ ಮೂಳೆ ಶಸ್ತ್ರಚಿಕಿತ್ಸೆಯ ಪ್ರಯೋಗಗಳನ್ನು ಓದುವಾಗ ಒಂದು ವಾಕ್ಯ ಮತ್ತೆ ಮತ್ತೆ ಸಿಗ್ತದೆ: ಮುಂದಿನ ಭೇಟಿಗಳಿಗೆ ಬರುವುದು ಕಷ್ಟ ಅಂತ ಅನಿಸಿದವರನ್ನು ಸೇರಿಸಿಕೊಳ್ಳಲಿಲ್ಲ. ಸೇರಿಸಿಕೊಂಡ ಮೇಲೆ ಬಾರದವರಿಗೆ ಇನ್ನೊಂದು ಹೆಸರು, ಲಾಸ್ಟ್ ಟು ಫಾಲೋಅಪ್. ಕನ್ನಡದಲ್ಲಿ ಹೇಳುವುದಾದರೆ ಸಂಪರ್ಕಕ್ಕೆ ಸಿಗದೆ ಕಾಣೆಯಾದವರು. ಸಂಶೋಧಕರ ಕಷ್ಟ ನನಗೆ ಅರ್ಥವಾಗ್ತದೆ. ಅರ್ಧ ಜನ ಬಾರದಿದ್ದರೆ ಪ್ರಯೋಗವೇ ಹಾಳು. ಆದರೆ ಯಾರನ್ನು ಕಷ್ಟದವರು ಅಂತ ಗುರುತಿಸ್ತಾರೆ ಯೋಚಿಸಿ. ದೂರದವರು, ಬಡವರು, ಬೇರೆ ರಾಜ್ಯದ ವಿಳಾಸದವರು, ಭಾಷೆ ಬಾರದವರು. ಗಡಿನಾಡಿನ ಕೂಲಿಯವನಿಗೆ ಈ ನಾಲ್ಕೂ ಲಕ್ಷಣ ಉಂಟು. ಮಾವ ಎಲ್ಲಿಯೂ ಕಾಣೆಯಾಗಿರಲಿಲ್ಲ. ಕಾಲು ಚಾಚಿಕೊಂಡು ಮನೆಯ ಜಗಲಿಯಲ್ಲೇ ಕೂತಿದ್ದರು. ಕೇಳುವವರು ಬರಲಿಲ್ಲ, ಅಷ್ಟೆ.

6. "ಸೋಂಕು ಉಂಟಾ?"

ಭಾಷೆಯ ವಿಷಯಕ್ಕೆ ಬರ್ತೇನೆ. ನನ್ನ ಸಂಶೋಧನೆಯ ಪೂರ್ವತಯಾರಿಗಾಗಿ ಆಪರೇಷನ್ ಆಗಿ ಮನೆಗೆ ಬಂದ ಕೆಲವರಿಗೆ ಫೋನ್ ಮಾಡ್ತಿದ್ದೆ. ಇಂಗ್ಲಿಷ್ ಪ್ರಶ್ನಾವಳಿಯನ್ನು ನಾನೇ ಕನ್ನಡಕ್ಕೆ ಮಾಡಿಕೊಂಡಿದ್ದೆ. ಮೊದಲ ಪ್ರಶ್ನೆ, "ಗಾಯದಲ್ಲಿ ಸೋಂಕು ಉಂಟಾ?" ಹೆಚ್ಚಿನವರ ಉತ್ತರ, "ಇಲ್ಲಪ್ಪ, ಸೋಂಕು ಏನೂ ಇಲ್ಲ, ಎರಡು ಡೋಸ್ ಲಸಿಕೆ ಆಗಿದೆ." ಸೋಂಕು ಅಂದ್ರೆ ಅವರಿಗೆ ಕೊರೊನಾ. ಕನ್ನಡ ಪತ್ರಿಕೆಗಳೇ ಎರಡು ವರ್ಷ ಕಲಿಸಿದ ಅರ್ಥ ಅದು. ಒಬ್ಬರಿಂದ ಒಬ್ಬರಿಗೆ ಹರಡುವುದು, ಹೇಳಿಕೊಂಡರೆ ಜನ ದೂರ ಇಡುವುದು.

ಆಮೇಲೆ ಅಮ್ಮನ ಹತ್ತಿರ ಕೇಳಿದೆ, ಗಾಯ ಕೆಟ್ಟರೆ ನೀವೆಲ್ಲ ಏನು ಹೇಳ್ತಿದ್ರಿ ಅಂತ. "ನಂಜಾಯ್ತು ಹೇಳ್ತೇವೆ, ಇನ್ನೇನು?" ಅಂದರು. ಅದೇ ಜನರಿಗೆ "ಗಾಯ ನಂಜಾಗಿದೆಯಾ? ಕೀವು, ನೀರು ಬರ್ತದಾ? ವಾಸನೆ ಉಂಟಾ? ಕಾಲು ಬಿಸಿ ಉಂಟಾ?" ಅಂತ ಬಿಡಿಸಿ ಕೇಳಿದಾಗ ಉತ್ತರ ಬದಲಾಯ್ತು. ಆದರೆ ನಂಜು ಎಂಬ ಪದದಲ್ಲೂ ತೊಡಕುಂಟು. ನಮ್ಮ ಕಡೆ ಅದಕ್ಕೆ ಆಹಾರದ ಸಂಬಂಧ ಉಂಟು. ಕೆಲವು ತರಕಾರಿ, ಕೆಲವು ಮೀನು ನಂಜು. ತಿಂದದ್ದರಿಂದ ಗಾಯ ಕೆಟ್ಟಿತು ಅಂತ ರೋಗಿ ತನ್ನನ್ನೇ ದೂರಿಕೊಳ್ತಾನೆ, ಆಸ್ಪತ್ರೆಗೆ ಹೇಳುವುದಿಲ್ಲ. ತುಳುವಿನವರು ನಂಜಿ ಅಂತಾರೆ. ಮಲಯಾಳಂನ ಆರೋಗ್ಯ ಕಾರ್ಯಕರ್ತೆ ಅಣುಬಾಧ ಅಂತ ಕೇಳ್ತಾರೆ. ಒಂದೇ ಗಾಯ, ಒಂದೇ ಮನೆ, ಮೂರು ಪದ. ಪದಕ್ಕೆ ತಕ್ಕ ಹಾಗೆ ಹೌದು ಅಥವಾ ಇಲ್ಲ.

ಇದನ್ನು ನಾನು ಬರೇ ಅನುವಾದದ ಸಮಸ್ಯೆ ಅಂತ ನೋಡುವುದಿಲ್ಲ. ಮನೆಗೆ ಹೋದ ಮೇಲಿನ ಸೋಂಕಿನ ಪ್ರಮಾಣ ನಿಲ್ಲುವುದೇ ಇಂಥ ಪ್ರಶ್ನೆ ಉತ್ತರಗಳ ಮೇಲೆ. ಪ್ರಶ್ನೆಯ ಪದ ತಪ್ಪಿದರೆ ಶೇಕಡಾವಾರು ತಪ್ಪುತ್ತದೆ. ಇಲ್ಲಿ ಕನ್ನಡ ಬಲ್ಲವರು, ಅದರಲ್ಲೂ ಗಡಿಯ ಕನ್ನಡ ಬಲ್ಲವರು, ಮಾಡಬೇಕಾದ ಕೆಲಸ ಉಂಟು.

7. ಕೊನೆಯ ಮಾತು

ನಾನು ದೊಡ್ಡ ಸೂಚನೆಗಳನ್ನು ಕೊಡುವುದಿಲ್ಲ. ಮೂರು ಸಣ್ಣವು. ಒಂದು, ರೆಫರಲ್ ಚೀಟಿಯಲ್ಲಿ ಗಾಯವಾದ ಸಮಯ ಮತ್ತು ಮದ್ದು ಕೊಟ್ಟ ಸಮಯ ಎರಡೂ ಕಡ್ಡಾಯ ಆಗಬೇಕು. ಎರಡು, ಅಪಘಾತದ ಯಾವುದೇ ಅಧ್ಯಯನದಲ್ಲಿ ರೋಗಿ ಮೊದಲು ಎಲ್ಲಿಗೆ ಹೋದ, ಆಮೇಲೆ ಎಲ್ಲೆಲ್ಲಿಗೆ ಹೋದ ಎಂಬ ಪೂರ್ತಿ ದಾರಿಯನ್ನು ದಾಖಲಿಸಬೇಕು, ರಾಜ್ಯ ದಾಟಿದ್ದರೆ ಅದನ್ನೂ. ಮೂರು, 30ನೇ ಮತ್ತು 90ನೇ ದಿನ ರೋಗಿಯ ಮನೆಯ ಮಾತಿನಲ್ಲಿ ಒಂದು ಫೋನ್ ಕರೆ. ಹತ್ತು ನಿಮಿಷ ಸಾಕು. ಇದಕ್ಕೆ ಯಂತ್ರ ಬೇಡ.

ಸಂವಾದ

ತಾಳವಾಡಿಯಿಂದ ಒಬ್ಬ ಅಧ್ಯಾಪಕರು: ಮೇಡಂ, ನಮಗೆ ಚಾಮರಾಜನಗರವೇ ಹತ್ತಿರ. ನಮ್ಮ ರಾಜ್ಯದ ಸತ್ಯಮಂಗಲಕ್ಕೆ ಹೋಗಬೇಕು ಅಂದ್ರೆ ದಿಂಬಂ ಘಾಟಿಯ 27 ತಿರುವು ಇಳೀಬೇಕು. ನಿಮ್ಮ ಮಾತು ನಮಗೂ ಒಪ್ಪುತ್ತೆ. ಆದ್ರೆ ಗಡಿ ದಾಟೋದು ನಮಗೆ ಅನುಕೂಲವೇ ಅಲ್ವಾ? ನೀವು ಅದನ್ನೇ ತೊಂದರೆ ಅಂತ ಹೇಳ್ತಿದ್ದೀರಾ?

ಉತ್ತರ: ಇಲ್ಲ ಸರ್, ದಾಟುವುದು ತೊಂದರೆ ಅಲ್ಲ. ನಮಗೂ ಮಂಗಳೂರು ಇಲ್ಲದಿದ್ದರೆ ಜೀವ ಹೋಗ್ತದೆ. 2020ರಲ್ಲಿ ಅದನ್ನೇ ನೋಡಿದ್ದೇವೆ. ರೋಗಿ ದಾಟ್ತಾನೆ, ಅವನ ದಾಖಲೆ ದಾಟುವುದಿಲ್ಲ. ಅದು ನನ್ನ ತಕರಾರು.

ಅಕ್ಕಲಕೋಟೆಯಿಂದ ಒಬ್ಬ ಸಂಶೋಧನಾ ವಿದ್ಯಾರ್ಥಿ: ನಮ್ಮ ಕಡೆ ಹಂಗಿಲ್ರಿ. ದೊಡ್ಡ ದವಾಖಾನಿ ಸೊಲ್ಲಾಪುರದಾಗ ಐತಿ, ಅದು ನಮ್ಮ ರಾಜ್ಯದಾಗ ಐತಿ, 40 ಕಿಲೋಮೀಟರ್. ಗಡಿ ದಾಟೂದು ಬರಂಗಿಲ್ಲ. ಖರೆ ಅಂದ್ರ ಕಾಗದ ಎಲ್ಲಾ ಮರಾಠಿ, ಇಂಗ್ಲಿಷು. ನಮ್ಮ ಅವ್ವಗೋಳು ಹೌದ್ರಿ ಹೌದ್ರಿ ಅಂತ ಹೆಬ್ಬೆಟ್ಟು ಒತ್ತಿ ಬರ್ತಾರ. ಅದಕ್ಕ ನಿಮ್ಮ ಗಡಿಯಾರದ ಲೆಕ್ಕ ಹೊಂದತೈತೇನ್ರಿ?

ಉತ್ತರ: ಒಳ್ಳೆಯ ತಿದ್ದುಪಡಿ ಇದು. ನಾನು ಕಾಸರಗೋಡನ್ನು ಇಟ್ಟುಕೊಂಡು ಎಲ್ಲ ಗಡಿಯನ್ನೂ ಒಂದೇ ಅಂತ ಹೇಳಿದ ಹಾಗಾಯ್ತು, ಅದು ಸರಿಯಲ್ಲ. ನಿಮ್ಮಲ್ಲಿ ಮೊದಲ ತುದಿಯ ತೊಂದರೆ ಕಡಿಮೆ, ಕೊನೆಯ ತುದಿಯ ತೊಂದರೆ ಹಾಗೇ ಉಂಟು. ಒಪ್ಪಿಗೆ ಪತ್ರ ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು ಅಂತ ಐಸಿಎಂಆರ್‌ನ 2017ರ ಮಾರ್ಗಸೂಚಿ ಹೇಳ್ತದೆ. ರಾಜ್ಯದ ಭಾಷೆ ಅಂತ ಹೇಳುವುದಿಲ್ಲ. ಆ ವ್ಯತ್ಯಾಸವನ್ನು ಹಿಡಿದುಕೊಂಡು ನಾವು ಕೇಳಬಹುದು. ನಿಮ್ಮ ಕಡೆ ಗಾಯ ಕೆಟ್ಟರೆ ಏನು ಹೇಳ್ತಾರೆ?

ಅದೇ ವಿದ್ಯಾರ್ಥಿ: ಕೀವು ಆತು ಅಂತಾರ್ರಿ, ನಂಜು ಏರತು ಅಂತಾರ. ಇನ್ನೂ ಬ್ಯಾರೆ ಮಾತು ಇರಬೇಕು, ಅವ್ವನ್ನ ಕೇಳಿ ಹೇಳ್ತೀನ್ರಿ.

ಅಧ್ಯಕ್ಷರು: ಹಾಗಾದರೆ ಇಲ್ಲಿ ಸೇರಿದವರೆಲ್ಲ ತಮ್ಮ ತಮ್ಮ ಊರಿನಲ್ಲಿ ಈ ಪದಗಳನ್ನು ಕೇಳಿ, ಮುಂದಿನ ಗೋಷ್ಠಿಗೆ ಮೊದಲು ಬರೆದು ಕಳಿಸಿ. ರಾಯದುರ್ಗದವರು, ಮಡಕಶಿರಾದವರು, ಜತ್ತದವರು ಎಲ್ಲರೂ. ಪ್ರಶ್ನಾವಳಿಯನ್ನು ಒಟ್ಟಿಗೆ ತಿದ್ದೋಣ. ಇವತ್ತಿನ ಸಮಯ ಮುಗಿಯಿತು.